ಚಾಕೊಲೇಟ್ ಕ್ಷೇತ್ರದ ಸಾಧಕಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಉದಾಹರಣೆಗೆ, ಆ ಚಾಕೊಲೇಟ್ ಬಾರಿನ ಹಳೆಯ ಹೊದಿಕೆ ಕಂದು ಬಣ್ಣದ್ದು, ಅಂಚಿನಲ್ಲಿ ಬಂಗಾರದ ಗೆರೆ ಇತ್ತು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ನನ್ನ ತಮ್ಮ ಅದು ಕೆಂಪು ಎಂದು ಅಷ್ಟೇ ಖಚಿತವಾಗಿ ಹೇಳುತ್ತಾನೆ. ಸೋದರತ್ತೆಯನ್ನು ಕೇಳಿದರೆ ಎರಡೂ ಅಲ್ಲ, ನೀಲಿ. ತಮಾಷೆಯೆಂದರೆ, ನಾನೂ ತಮ್ಮನೂ ಚಿಕ್ಕಂದಿನಲ್ಲಿ ಆ ಹೊದಿಕೆಯನ್ನು ನೋಡಿದ್ದೇ ಕಡಿಮೆ. ನಮ್ಮ ಮನೆಗೆ ಆ ಚಾಕೊಲೇಟ್ ಬರುತ್ತಿದ್ದುದು ಅತ್ತೆಯ ಸ್ಟೀಲ್ ಡಬ್ಬಿಯಲ್ಲಿ, ತುಂಡು ತುಂಡಾಗಿ. ಅದು ಹುಟ್ಟುವುದೇ ಹಾಗೆ ಎಂದು ನಾನು ತಿಳಿದಿದ್ದೆ. ಮೊದಲ ಸಲ ಅಂಗಡಿಯಲ್ಲಿ ಇಡೀ ಬಾರನ್ನು ಕಂಡಾಗ, ಇದನ್ನು ಯಾರೋ ಅರ್ಧಕ್ಕೇ ಬಿಟ್ಟಿದ್ದಾರೆ, ಒಡೆಯುವ ಕೆಲಸ ಇನ್ನೂ ಬಾಕಿ ಇದೆ ಅನಿಸಿತ್ತು.

ದಿನಚರಿ ಬರೆಯುವವರ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ. ನನ್ನ ಅನುಭವ ಬೇರೆ. ದಿನಚರಿ ಮಾಡುವುದೇನೆಂದರೆ, ಮುಂದೆ ಯಾವಾಗಲೋ ಆಗಬಹುದಾದ ತಪ್ಪನ್ನು ಅವತ್ತೇ ಬರೆದಿಡುತ್ತದೆ. ಈ ಪ್ರಸಂಗದ ಬಗ್ಗೆ ನನ್ನ ದಿನಚರಿಯಲ್ಲಿ ಎಂಟು ಪುಟಗಳಿವೆ. ಅವುಗಳಲ್ಲಿ ಎರಡನ್ನು ಸಿಟ್ಟಿನಲ್ಲಿ ಬರೆದಿದ್ದೇನೆ, ಒಂದನ್ನು ಹಸಿದಿದ್ದಾಗ. ಹಾಗಾಗಿ ಅದನ್ನೂ ಪೂರ್ತಿ ನೆಚ್ಚಿಕೊಂಡಿಲ್ಲ.

ಶುರುವಾದದ್ದು ಒಂದು ಫೋನಿನಿಂದ. ಮುಂಬಯಿಯ ನಮ್ಮ ಉಪನಗರದ ಕನ್ನಡ ಸಂಘದ ಕಾರ್ಯದರ್ಶಿಗಳು ವಿಲೆ ಪಾರ್ಲೆ ಸ್ಟೇಷನ್ನಿನ ಪಕ್ಕ ಹೋಟೆಲ್ ನಡೆಸುತ್ತಾರೆ. ಅವರ ಫೋನ್ ಯಾವಾಗಲೂ ಗಲ್ಲಾದಿಂದಲೇ ಬರುವುದು. ಹಾಗಾಗಿ ಸಾಹಿತ್ಯದ ಮಾತಿನ ನಡುವೆ ನಾಲ್ಕನೇ ಟೇಬಲ್ಲಿಗೆ ಎರಡು ಉಪ್ಪಿಟ್ಟು ಹೋಗುತ್ತಿರುತ್ತದೆ.

"ಮೇಡಂ, ಈ ಸಲ ವಾರ್ಷಿಕೋತ್ಸವಕ್ಕೆ ನಿಮ್ಮ ಅತ್ತೆಯವರಿಗೆ ಸನ್ಮಾನ ಮಾಡುವ ಅಂತ ಕಮಿಟಿ ತೀರ್ಮಾನ ಮಾಡಿದೆ. ಸನ್ಮಾನ ಪತ್ರ ನೀವೇ ಬರೀಬೇಕು. ನೀವು ಎಂ.ಎ. ಅಲ್ವಾ?"

ನಾನು ಎಂ.ಎ. ಮಾಡಿದ್ದು ಇತಿಹಾಸದಲ್ಲಿ, ಕೆಲಸ ಕಾಲೇಜಿನ ಲೈಬ್ರರಿಯಲ್ಲಿ. ಸನ್ಮಾನ ಪತ್ರ ಬರೆಯುವುದಕ್ಕೆ ಎರಡೂ ಅಡ್ಡಿ. ಆದರೆ ನಾನು ಮೊದಲು ಕೇಳಿದ್ದು ಬೇರೆ. "ಅತ್ತೆಗೆ ಯಾಕೆ?"

"ಯಾಕೆ ಅಂದ್ರೆ ಎಂತ ಮಾರಾಯ್ರೆ. ಹನ್ನೊಂದು ವರ್ಷದಿಂದ ನಾವು ಹೋಟೆಲಿನವರಿಗೇ ಶಾಲು ಹೊದೆಸ್ತಾ ಇದ್ದೇವೆ. ಜನ ನಗಾಡ್ತಾರೆ. ಕಮಿಟಿಯಲ್ಲಿ ಶಾಲು ಇಲ್ಲದ ಹೋಟೆಲಿನವನು ಅಂತ ಈಗ ನಾನೊಬ್ಬನೇ ಉಳಿದದ್ದು. ಈ ಸಲ ಬೇರೆ ಕ್ಷೇತ್ರ ಬೇಕು, ಅದರಲ್ಲೂ ಹೆಂಗಸು ಬೇಕು. ನಿಮ್ಮ ಅತ್ತೆ ಚಾಕಲೇಟ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿನಲ್ಲಿದ್ದವರಲ್ವಾ? ಆ ಬಾರ್ ತಿನ್ನದೆ ಇದ್ದವರು ಈ ಊರಲ್ಲಿ ಯಾರಿದ್ದಾರೆ? ಏ, ಆ ಸಾಂಬಾರ್ ಬಿಸಿ ಮಾಡೋ. ಚಾಕಲೇಟ್ ಕ್ಷೇತ್ರದ ಸಾಧಕಿ ಅಂತ ಹಾಕುವ."

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಉಡುಪಿಯ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದವರು. ಮಾವ ವಿಕ್ರೋಳಿಯ ಕಡೆ ಒಂದು ಚಾಕೊಲೇಟ್ ಫ್ಯಾಕ್ಟರಿಯ ಕ್ಯಾಂಟೀನ್ ವಹಿಸಿಕೊಂಡಿದ್ದರು. ಆ ಫ್ಯಾಕ್ಟರಿ ಈಗ ಇಲ್ಲ, ಅಲ್ಲಿ ಎತ್ತರದ ಬಿಲ್ಡಿಂಗುಗಳಿವೆ. ನಮ್ಮ ಕುಟುಂಬದಲ್ಲಿ ಪ್ರಚಲಿತವಿದ್ದ ಇತಿಹಾಸ ಹೀಗೆ: ಮಾವನ ಸಾರು ಉಂಡು ಸಂತೋಷಪಟ್ಟ ಮ್ಯಾನೇಜರು ಅತ್ತೆಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಟ್ಟರು. ಅತ್ತೆ ವರ್ಷಗಟ್ಟಲೆ, ಫ್ಯಾಕ್ಟರಿ ಮುಚ್ಚುವವರೆಗೆ, ಆ ಬಾರನ್ನು ಬೆಳ್ಳಿ ಕಾಗದದಲ್ಲಿ ಸುತ್ತಿದರು. ಇದನ್ನು ಯಾರು ಮೊದಲು ಹೇಳಿದರೋ ತಿಳಿಯದು. ಹಬ್ಬಕ್ಕೆ ಬಂದವರೆಲ್ಲ ಹೇಳುತ್ತಿದ್ದರು, ಅತ್ತೆಯೂ ಹೇಳುತ್ತಿದ್ದರು. ನಮ್ಮ ಅಜ್ಜಿ ಚಾಕೊಲೇಟಿನಲ್ಲಿ ಮೊಟ್ಟೆ ಇರುತ್ತದೆ ಎಂದು ಮುಟ್ಟುತ್ತಿರಲಿಲ್ಲ. ಅತ್ತೆ "ನನ್ನ ಕಣ್ಣಾರೆ ನೋಡಿದ್ದು, ಹಾಲು ಮಾತ್ರ" ಎಂದು ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ಒಂದು ತುಂಡು ಬಾಯಿಗೆ ಹಾಕಿಕೊಂಡರಂತೆ. ಆಮೇಲೆ ಡಬ್ಬಿ ಅಜ್ಜಿಯ ಕಪಾಟಿಗೆ ಹೋಯಿತು.

ಆ ಭಾನುವಾರ ನಾನೂ ಮಗಳೂ ಕಾಂದಿವಲಿಗೆ ಹೋದೆವು. ಅತ್ತೆ ಅಲ್ಲಿ ಮಗ ಸೊಸೆಯ ಜೊತೆ ಇರುವುದು. ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಗೇರ್ ಬದಲಿಸಿದ ರಿಕ್ಷಾದ ಹಾಗೆ ನಡುನಡುವೆ ನಿಲ್ಲುತ್ತಾಳೆ. ಅವಳನ್ನು ಕರೆದುಕೊಂಡು ಹೋದದ್ದು ಅತ್ತೆ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಲಿಕ್ಕೆ. ಅವಳು ಅದೇ ಫೋನಿನಲ್ಲಿ ಹುಡುಕುತ್ತಲೂ ಇರುತ್ತಾಳೆ ಎಂದು ನನಗೆ ಹೊಳೆದಿರಲಿಲ್ಲ.

ಅತ್ತೆ ಕುರ್ಚಿಯಲ್ಲಿ ನೇರ ಕೂತು, ಸೆರಗು ಸರಿಮಾಡಿಕೊಂಡು ಶುರುಮಾಡಿದರು. "ಬಾರಿನಲ್ಲಿ ಆ ಚೌಕ ಚೌಕ ಗೆರೆ ಉಂಟಲ್ಲ, ಅದು ಮೊದಲು ಇರಲಿಲ್ಲ. ಇಬ್ಬರು ಓರಗಿತ್ತಿಯರು ಪಾಲಿಗೆ ಜಗಳ ಮಾಡಿ ಕಂಪನಿಗೆ ಕಾಗದ ಬರೆದರು. ಆಮೇಲೆ ಗೆರೆ ಹಾಕಿದ್ದು."

"ಅಜ್ಜಿ," ಎಂದಳು ಮಗಳು, "ನೆಟ್‌ನಲ್ಲಿ ಬೇರೆ ಇದೆ. ಆ ಬಾರ್ ಫಾರಿನ್‌ನಲ್ಲಿ ಶುರು ಆದಾಗಲೇ ಗೆರೆ ಇತ್ತು. ಅದು ನೀವು ಹುಟ್ಟುವ ಮೊದಲು."

"ನೆಟ್ ಪ್ಯಾಕಿಂಗಿನಲ್ಲಿತ್ತಾ?" ಎಂದರು ಅತ್ತೆ.

ಅತ್ತೆ ಮುಂದುವರಿಸಿದರು. ಒಳ್ಳೆಯ ಬಾರನ್ನು ಕಣ್ಣಿನಿಂದಲ್ಲ, ಕಿವಿಯಿಂದ ಗುರುತಿಸಬೇಕು. ಮುರಿದರೆ ಟಕ್ ಎನ್ನಬೇಕು, ಮೆತ್ತಗೆ ಬಗ್ಗಿದರೆ ಅದನ್ನು ಹದ ಮಾಡಿದವನಿಗೆ ಕೆಲಸ ಬರುವುದಿಲ್ಲ ಎಂದರ್ಥ. ಅದು ನಾಲಗೆಯ ಬಿಸಿಗೆ ಕರಗಬೇಕು, ಅಂಗಡಿಯ ಬಿಸಿಗೆ ಅಲ್ಲ. ಮೇಲೆ ಬಿಳಿ ಪುಡಿ ಕಟ್ಟಿದರೆ ಜನ ಬೂಜು ಬಂತು ಎಂದು ಎಸೆಯುತ್ತಾರೆ, ಅದು ಬೂಜಲ್ಲ, ಒಳಗಿನ ಬೆಣ್ಣೆ ಸೆಕೆಗೆ ಮೇಲೆ ಬಂದದ್ದು, ತಿಂದರೆ ಏನೂ ಆಗುವುದಿಲ್ಲ. ಮಗಳು ಇದನ್ನೂ ಹುಡುಕಿದಳು. ಮೂರೂ ಸರಿ ಇತ್ತು. ಅವಳು ಫೋನನ್ನು ನನ್ನ ಕಡೆ ತಿರುಗಿಸಿ ಹುಬ್ಬು ಹಾರಿಸಿದಳು. ಅತ್ತೆಯ ಜ್ಞಾನ ಹೀಗೆ. ಪೂರ್ತಿ ತಪ್ಪು ಎಂದು ತಳ್ಳಿಹಾಕುವಷ್ಟರಲ್ಲಿ ಪೂರ್ತಿ ಸರಿ ಇರುವ ಒಂದು ಮಾತು ಬರುತ್ತದೆ.

"ಮೊದಲಿನ ಬಾರ್ ಈಗಿನದಕ್ಕಿಂತ ಎಷ್ಟು ದೊಡ್ಡದಿತ್ತು ಗೊತ್ತುಂಟಾ? ನಿನ್ನ ಅಮ್ಮನ ಅಂಗೈಗಿಂತ ಉದ್ದ," ಎಂದು ಮಗಳಿಗೆ ತೋರಿಸಿದರು. ಬಾರ್ ಚಿಕ್ಕದಾಗಿರುವುದು ನಿಜವೇ ಇರಬಹುದು. ಆದರೆ ನನ್ನ ಅಂಗೈ ಆಗ ಎಷ್ಟಿತ್ತು ಎಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕಲ್ಲ ಎಂದು ನಾನು ಬರೆದುಕೊಂಡೆ.

"ಪ್ಯಾಕಿಂಗಿಗೆ ಎಲ್ಲರನ್ನೂ ತಗೊಳ್ತಿರಲಿಲ್ಲ," ಎಂದರು ಅತ್ತೆ. "ಬಿಸಿ ಕೈಯವರಿಗೆ ಕೆಲಸ ಇಲ್ಲ. ಮುಟ್ಟಿದ ಕೂಡಲೇ ಚಾಕಲೇಟು ಬೆರಳಿಗೆ ಅಂಟ್ತದಲ್ಲ. ಸೂಪರ್‌ವೈಸರ್ ಹೆಂಗಸು ಒಬ್ಬೊಬ್ಬರ ಕೈ ಹಿಡಿದು ನೋಡ್ತಿದ್ದಳು, ಸಂಬಂಧ ನೋಡ್ಲಿಕ್ಕೆ ಬಂದವರ ಹಾಗೆ."

ಮಗಳು ಎದ್ದು ಹೋಗಿ ಅತ್ತೆಯ ಕೈ ಹಿಡಿದಳು. "ಅಜ್ಜಿ, ನಿಮ್ಮ ಕೈ ಬಿಸಿ ಇದೆ."

"ಚಾದ ಲೋಟ ಹಿಡ್ಕೊಂಡದ್ದಲ್ವಾ ಈಗ."

ಚಾ ಇನ್ನೂ ಬಂದಿರಲಿಲ್ಲ. ಸೊಸೆ ಒಳಗೆ ಶುಂಠಿ ಜಜ್ಜುತ್ತಿರುವುದು ಕೇಳಿಸುತ್ತಿತ್ತು. ಅತ್ತೆ ಕಾವಲಿಯ ಮೇಲಿನ ದೋಸೆಯನ್ನು ಬರಿಗೈಯಲ್ಲಿ ಮಗುಚುವವರು ಎಂಬುದು ನನಗೆ ಆಗ ನೆನಪಾಯಿತು.

ಮಾತು ತಿರುಗಿಸಲು ನಾನು ಫೋಟೋ ಇದೆಯೇ ಎಂದು ಕೇಳಿದೆ. ಸನ್ಮಾನದ ಬ್ಯಾನರಿಗೆ ಕಾರ್ಯದರ್ಶಿಗಳು ಒಂದು ಹಳೆಯ ಫೋಟೋ ಬೇಕೆಂದಿದ್ದರು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ಒಳಗೆ ಹೋಗಿ, ಒಂದು ಫೋಟೋ ತಂದರು. ಕಪ್ಪು ಬಿಳುಪು. ಉದ್ದದ ಮೇಜಿನ ಎರಡೂ ಬದಿಗೆ ಹೆಂಗಸರು ಸಾಲಾಗಿ ಕೂತಿದ್ದಾರೆ, ತಲೆಗೆ ಬಿಳಿ ಟೊಪ್ಪಿ, ಎಲ್ಲರೂ ನಗುತ್ತಿದ್ದಾರೆ. ಮುಂದೆ ಸ್ಟೀಲ್ ತಟ್ಟೆಗಳು.

"ಇದರಲ್ಲಿ ನೀವು ಯಾವುದು ಅತ್ತೆ?"

ಅತ್ತೆ ಫೋಟೋದ ಬಲ ಅಂಚಿನ ಮೇಲೆ ಬೆರಳಿಟ್ಟರು. ಅಲ್ಲಿ ಫೋಟೋ ಮುಗಿಯುವ ಜಾಗದಲ್ಲಿ, ಮೊಣಕೈವರೆಗಿನ ಒಂದು ಕೈ ಇತ್ತು. ಎರಡು ಗಾಜಿನ ಬಳೆ. ಕೈಯಲ್ಲಿ ಸೌಟು.

"ಇದು ನೀವಾ?"

"ಕೈ ಕಾಣ್ತದಲ್ವಾ?"

"ಕಾಣುತ್ತದೆ. ಸೌಟೂ ಕಾಣುತ್ತದೆ."

"ಅವತ್ತು ಬಡಿಸುವವಳು ಬಂದಿರಲಿಲ್ಲ," ಎಂದರು ಅತ್ತೆ. ಆಮೇಲೆ ಸೊಸೆಯನ್ನು ಕರೆದು ಚಾ ಯಾಕೆ ತಡ ಎಂದು ವಿಚಾರಿಸಿದರು.

ವಾಪಸ್ ಬರುವಾಗ ಲೋಕಲ್‌ನಲ್ಲಿ ಮಗಳು ಹೇಳಿದಳು, "ಅಮ್ಮಾ, ಅಜ್ಜಿ ಮೊದಲು ಬಾರ್‌ಗಳ ಬೆಲ್ಟ್ ಬಲಗಡೆಯಿಂದ ಬರ್ತಿತ್ತು ಅಂದ್ರು. ಆಮೇಲೆ ಎಡಗಡೆಯಿಂದ. ರೆಕಾರ್ಡಿಂಗ್ ಇದೆ." ನಾನು ಅವಳಿಗೆ ಬೈದೆ. ಯಾಕೆ ಬೈದೆ ಎಂದು ದಿನಚರಿಯಲ್ಲಿ ಬರೆದಿಲ್ಲ. ನನಗೂ ಅದೇ ಅನುಮಾನ ಬಂದಿತ್ತು ಎಂಬುದೇ ಕಾರಣ ಇರಬೇಕು.

ಒಂದು ವಾರ ನಾನು ಸಾಕ್ಷ್ಯಗಳನ್ನು ತೂಗಿದೆ. ಅತ್ತೆಯ ಪರವಾಗಿ ನನ್ನ ಮೂಗು ಇತ್ತು. ಚಿಕ್ಕಂದಿನಲ್ಲಿ ಅತ್ತೆ ಮನೆಗೆ ಬಂದು ನನ್ನನ್ನು ಅಪ್ಪಿಕೊಂಡರೆ ಸೆರಗಿನಿಂದ ಚಾಕೊಲೇಟಿನ ವಾಸನೆ ಬರುತ್ತಿತ್ತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಆ ಫ್ಯಾಕ್ಟರಿಯ ಆಸುಪಾಸಿನಲ್ಲಿ ಇಡೀ ರಸ್ತೆಗೇ ಆ ವಾಸನೆ ಇತ್ತು. ಆ ಲೆಕ್ಕದಲ್ಲಿ ಬಸ್ ಕಂಡಕ್ಟರನೂ ಪ್ಯಾಕಿಂಗಿನಲ್ಲಿದ್ದನೆಂದು ಹೇಳಬೇಕಾಗುತ್ತದೆ. ಮತ್ತೆ, ಸೆರಗಿನ ಆ ವಾಸನೆಯಲ್ಲಿ ಸಾಸಿವೆ, ಇಂಗು ಇರಲಿಲ್ಲವೇ? ಈಗ ಕೇಳಿಕೊಂಡರೆ ಇತ್ತು ಅನಿಸುತ್ತದೆ. ಕೇಳಿಕೊಳ್ಳುವ ಮೊದಲು ಇರಲಿಲ್ಲ. ನೆನಪನ್ನು ಪ್ರಶ್ನೆ ಮಾಡುವುದರ ಕಷ್ಟ ಇದೇ. ಅದು ಬಹಳ ವಿಧೇಯ ಸಾಕ್ಷಿ, ಕೇಳಿದವರಿಗೆ ಬೇಕಾದ್ದನ್ನು ಹೇಳುತ್ತದೆ.

ಕೊನೆಗೆ ಅತ್ತೆಗೇ ಫೋನ್ ಮಾಡಿದೆ. "ಅತ್ತೆ, ಪತ್ರದಲ್ಲಿ ಹಾಕಲಿಕ್ಕೆ ಕೇಳ್ತಾ ಇದ್ದೇನೆ. ನೀವು ಕೆಲಸಕ್ಕೆ ಸೇರಿದ ವರ್ಷ ಯಾವುದು?"

"ನೀನು ಸನ್ಮಾನ ಪತ್ರ ಬರೀತಿದ್ದೀಯೋ, ಪೊಲೀಸ್ ಸ್ಟೇಷನ್ನಿಗೆ ಸೇರಿದ್ದೀಯೋ?"

"ಹಾಗಲ್ಲ ಅತ್ತೆ."

ಅತ್ತೆ ಹೇಳಿದರು, "ನಿನ್ನ ಮಾವನಿಗೆ ಮೂರು ಸಲ ಸನ್ಮಾನ ಆಗಿದೆ. ಮೂರು ಶಾಲು. ಮೂರನ್ನೂ ಮಡಿಸಿ, ನುಸಿಗುಳಿಗೆ ಹಾಕಿ ಇಟ್ಟದ್ದು ನಾನು. ಸ್ಟೇಜಿನ ಮೇಲೆ ಅವರು ಕೂತಾಗ ನಾನು ಕೆಳಗೆ ಅವರ ಚಪ್ಪಲಿ ಕಾಯ್ತಾ ಕೂತಿದ್ದೆ. ಈಗ ಬಿಲ್ಡಿಂಗಿನ ಹೆಂಗಸರೆಲ್ಲ ನನ್ನ ಸನ್ಮಾನ ನೋಡ್ಲಿಕ್ಕೆ ಬಸ್ ಮಾಡಿದ್ದಾರೆ. ಊರಿಗೂ ಹೇಳಿ ಆಗಿದೆ. ನಿನಗೆ ಬರೀಲಿಕ್ಕೆ ಕಷ್ಟ ಆಗ್ತದಾದ್ರೆ ಹೇಳು ಮಗಾ, ಬೇರೆ ಯಾರಾದ್ರೂ ಬರೀತಾರೆ."

ಇನ್ನು ಏನು ಕೇಳುವುದು? ಬೇರೆಯವರು ಬರೆದರೆ ಇದಕ್ಕಿಂತ ದೊಡ್ಡ ಸುಳ್ಳನ್ನು ಬರೆಯುತ್ತಾರೆ ಎಂಬ ಒಂದೇ ಸಮಾಧಾನದಿಂದ ನಾನೇ ಬರೆಯಲು ಕೂತೆ. ಒಂದೇ ಒಂದು ಸುಳ್ಳೂ ಇಲ್ಲದೆ, ಆದರೆ ಅತ್ತೆಗೆ ಅವಮಾನವೂ ಆಗದಂತೆ ಬರೆಯಬೇಕು. ಸಿಟ್ಟಿನ ಎರಡು ಪುಟಗಳು ಇದರ ಬಗ್ಗೆಯೇ. ಆ ರಾತ್ರಿಯ ಐದನೇ ಕರಡು ಹೀಗಿತ್ತು: "ಜನಪ್ರಿಯ ಚಾಕೊಲೇಟ್ ಒಂದರ ಸಮೀಪದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ, ಅದನ್ನು ತಯಾರಿಸಿದವರ ನಿಕಟ ಒಡನಾಡಿಯಾಗಿದ್ದ..."

ಮರುದಿನ ಕಾರ್ಯದರ್ಶಿಗಳು ಅದನ್ನು ಗಲ್ಲಾದಲ್ಲಿ ಕೂತೇ ಓದಿದರು. "ಸಮೀಪ ಅಂದ್ರೆ ಎಂತ ಮೇಡಂ? ಸಮೀಪದಲ್ಲಿದ್ದವರಿಗೆಲ್ಲ ಸನ್ಮಾನ ಮಾಡ್ಲಿಕ್ಕೆ ಹೊರಟರೆ ನಾವು ವಿಕ್ರೋಳಿ ಪೂರ್ತಿ ಶಾಲು ಹೊದೆಸಬೇಕು."

"ಅದು ವಿನಯದ ಭಾಷೆ."

"ವಿನಯ ಸನ್ಮಾನ ತಗೊಳ್ಳುವವರು ಮಾಡ್ಬೇಕು. ಕೊಡುವವರು ಮಾಡಿದ್ರೆ ಜುಗ್ಗ ಅಂತಾರೆ. ಬಿಡಿ, ನಾನು ಸ್ವಲ್ಪ ರಿಪೇರಿ ಮಾಡ್ತೇನೆ."

ಅವರು ರಿಪೇರಿ ಮಾಡಿದ ಪತ್ರವನ್ನು ನಾನು ನೋಡಿದ್ದು ಸಮಾರಂಭದ ದಿನ, ಚೌಕಟ್ಟು ಹಾಕಿಸಿ ಆದ ಮೇಲೆ. ವಿಲೆ ಪಾರ್ಲೆಯ ಒಂದು ಶಾಲೆಯ ಸಭಾಂಗಣ, ಭಾನುವಾರ ಬೆಳಿಗ್ಗೆ. ಚಿನ್ನದ ಬಣ್ಣದ ಅಕ್ಷರಗಳಲ್ಲಿ ಹೀಗಿತ್ತು: "ಸಿಹಿಯ ಸಾಮ್ರಾಜ್ಞಿ, ಚಾಕಲೇಟ್ ಗಗನದ ಧ್ರುವತಾರೆ, ತಮ್ಮ ಶೀತಲ ಹಸ್ತಗಳಿಂದ ಲಕ್ಷೋಪಲಕ್ಷ ಬಾರುಗಳನ್ನು ಪೊರೆದ ಮಹಾಮಾತೆ." ಶೀತಲ ಹಸ್ತಗಳ ವಿಷಯ ಅತ್ತೆಯೇ ಅವರಿಗೆ ಫೋನಿನಲ್ಲಿ ಹೇಳಿದ್ದಿರಬೇಕು. ಕೆಳಗೆ "ರಚನೆ" ಎಂದು ನನ್ನ ಹೆಸರು.

ಅತ್ತೆ ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ಹಿಂದಿನ ಎರಡು ಸಾಲು ಕಾಂದಿವಲಿಯ ಬಿಲ್ಡಿಂಗಿನ ಹೆಂಗಸರು. ಅವರಲ್ಲಿ ಗುಜರಾತಿಯವರೂ ಇದ್ದರು, ಭಾಷಣ ಅರ್ಥವಾಗದಿದ್ದರೂ ಸರಿಯಾದ ಜಾಗದಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಮಿಕ್ಕ ಸಭೆಯಲ್ಲಿ ಮುಕ್ಕಾಲು ಪಾಲು ಹೋಟೆಲಿನವರು, ಶಾಲು ಪಡೆದವರು ಒಂದು ಕಡೆ, ಇನ್ನು ಪಡೆಯಬೇಕಾದವರು ಒಂದು ಕಡೆ. ಅತ್ತೆಯ ಮುಖದಲ್ಲಿ ನಾನು ಎಂದೂ ನೋಡದ ಒಂದು ಗಾಂಭೀರ್ಯ ಇತ್ತು. ಇಷ್ಟಕ್ಕೇ ಮುಗಿದುಹೋದರೆ ಸಾಕು, ಲೈಬ್ರರಿಯವಳ ಮನಸ್ಸಾಕ್ಷಿ ಏನಾದರೂ ಆಗಲಿ ಎಂದುಕೊಂಡೆ.

ಆಗ ಕಾರ್ಯದರ್ಶಿಗಳು ಮೈಕಿನ ಮುಂದೆ ಬಂದು, ಒಂದು ಆಶ್ಚರ್ಯ ಉಂಟು ಎಂದರು. "ನಮ್ಮ ಸನ್ಮಾನಿತರ ಜೊತೆ ಒಂದೇ ಬೆಲ್ಟಿನಲ್ಲಿ ಬಾರ್ ಸುತ್ತಿದ ಹಿರಿಯ ಸಹೋದ್ಯೋಗಿ ಒಬ್ಬರನ್ನು ನಾವು ವಿಕ್ರೋಳಿಯಿಂದ ಹುಡುಕಿ ಕರೆಸಿದ್ದೇವೆ. ಅವರ ಕೈಯಿಂದಲೇ ಶಾಲು."

ಅತ್ತೆ ಆಗಲೇ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದರು. ಎರಡನೇ ಮೆಟ್ಟಿಲಿನಲ್ಲಿ ನಿಂತುಬಿಟ್ಟರು. ಎದುರು ಬದಿಯಿಂದ ಕಚ್ಚೆ ಸೀರೆಯ, ದಪ್ಪ ಕನ್ನಡಕದ, ಗಟ್ಟಿಮುಟ್ಟಾದ ಒಬ್ಬ ಮರಾಠಿ ಹೆಂಗಸು ಹತ್ತುತ್ತಿದ್ದರು. ಅವರು ಅತ್ತೆಯನ್ನು ನೋಡಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು. ನಾನು ಹಾಲಿನ ಬಾಗಿಲು ಎಷ್ಟು ದೂರ ಇದೆ ಎಂದು ಲೆಕ್ಕ ಹಾಕಿದೆ. ಮಗಳು ನನ್ನ ಕೈ ಹಿಡಿದುಕೊಂಡಳು.

"ಅಗೋ, ಹೀ ತರ ಆಮ್ಚೀ ಲೋಣ್‌ಚೆವಾಲಿ," ಎಂದರು ಅವರು. ಇವಳು ನಮ್ಮ ಉಪ್ಪಿನಕಾಯಿಯವಳಲ್ಲವೇ ಎಂದು. ಮೈಕ್ ಹತ್ತಿರವೇ ಇತ್ತು. ಇಡೀ ಸಭಾಂಗಣಕ್ಕೆ ಕೇಳಿಸಿತು.

ಕಾರ್ಯದರ್ಶಿಗಳು ನಗುತ್ತಲೇ ತಿದ್ದಿದರು. "ತಾಯೀ, ಪ್ಯಾಕಿಂಗ್, ಪ್ಯಾಕಿಂಗ್."

"ಕಸ್ಲಾ ಪ್ಯಾಕಿಂಗ್," ಎಂಥ ಪ್ಯಾಕಿಂಗು ಎಂದು ಅವರು ಮೈಕನ್ನು ತಮ್ಮ ಕಡೆ ಎಳೆದುಕೊಂಡರು. ಮುಂದೆ ಮಾತಾಡಿದ್ದೆಲ್ಲ ಮರಾಠಿಯಲ್ಲಿ. ಸಭೆಗೆಲ್ಲ ಅರ್ಥವಾಗುತ್ತಿತ್ತು, ನಾನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ನೆನಪಿದ್ದಷ್ಟು. "ಪ್ಯಾಕಿಂಗಿನಲ್ಲಿ ಇದ್ದದ್ದು ನಾವು. ಬೆಳಿಗ್ಗೆಯಿಂದ ಸಂಜೆವರೆಗೆ ಆ ಸಿಹಿ ವಾಸನೆ. ಮೂಗಿನಲ್ಲಿ, ತಲೆಕೂದಲಲ್ಲಿ, ಮನೆಗೆ ಹೋಗಿ ಭಾಕರಿ ತಿಂದರೆ ಅದರಲ್ಲೂ. ಹೊಸದರಲ್ಲಿ ಎಲ್ಲರೂ ಚಾಕಲೇಟ್ ತಿಂತಾರೆ. ಒಂದು ತಿಂಗಳಾದ ಮೇಲೆ ಅದನ್ನು ನೋಡಿದರೆ ಹೊಟ್ಟೆ ತೊಳೆಸುತ್ತದೆ. ಊಟ ಸೇರುತ್ತಿರಲಿಲ್ಲ. ತಲೆ ಸುತ್ತಿ ಬೆಲ್ಟಿನ ಮೇಲೆ ಬಿದ್ದವರಿದ್ದಾರೆ. ಆಗ ಇವಳು ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದಳು. ಗಂಡನಿಗೆ ತಿಳಿಯದ ಹಾಗೆ ತನ್ನ ಮನೆಯ ಭರಣಿಯಿಂದ ಮಿಡಿ ಉಪ್ಪಿನಕಾಯಿ ತಂದು ನಮ್ಮ ತಟ್ಟೆಗೆ ಒಂದೊಂದು ಹಾಕಿದಳು. ಖಾರ ಅಂದರೆ ಕಿವಿಯಲ್ಲಿ ಹೊಗೆ. ಅವತ್ತಿನಿಂದ ನಾವು ಬದುಕಿದೆವು. ಒಂದು ಮಿಡಿ ಬಾಯಲ್ಲಿ ಇಟ್ಟುಕೊಂಡು ಬೆಲ್ಟಿಗೆ ಹೋದರೆ ಮೂರು ಗಂಟೆ ಕೆಲಸ ಮಾಡಬಹುದಿತ್ತು. ಸೂಪರ್‌ವೈಸರೂ ಕೇಳಿ ತಗೊಳ್ಳುತ್ತಿದ್ದಳು. ನಮಗೆ ಶನಿವಾರ ಒಡೆದ ಬಾರಿನ ತುಂಡು ಕೊಡುತ್ತಿದ್ದರು, ನಾವು ಯಾರೂ ತಿನ್ನುತ್ತಿರಲಿಲ್ಲ, ಎಲ್ಲ ಇವಳ ಡಬ್ಬಿಗೆ ಸುರಿಯುತ್ತಿದ್ದೆವು. ಇವಳ ಅಣ್ಣ ತಮ್ಮಂದಿರ ಮಕ್ಕಳಿಗೆ ಅಂತ."

ನನ್ನ ಬಾಲ್ಯದ ಚಾಕೊಲೇಟು ಉಪ್ಪಿನಕಾಯಿಗೆ ಬದಲಾಗಿ ಬಂದದ್ದು ಎಂದು ನನಗೆ ತಿಳಿದದ್ದು ಹೀಗೆ, ಮುನ್ನೂರು ಜನರ ನಡುವೆ.

ಹೋಟೆಲಿನವರ ಕಡೆಯಿಂದ ಚಪ್ಪಾಳೆ ಶುರುವಾಯಿತು. ಆ ಸಂಘದಲ್ಲಿ ಅಷ್ಟು ದೊಡ್ಡ ಚಪ್ಪಾಳೆಯನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಚಾಕೊಲೇಟಿನ ವಿಷಯಕ್ಕೆ ಸಭ್ಯತೆಯಿಂದ ಕೂತಿದ್ದವರಿಗೆ ಈಗ ತಮ್ಮ ವಿಷಯ ಬಂದಿತ್ತು. ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೋಟೆಲ್ ಮಾಲೀಕರು ಎದ್ದು ನಿಂತು, "ಅಮ್ಮ, ಮಿಡಿಯನ್ನು ಉಪ್ಪಿನಲ್ಲಿ ಎಷ್ಟು ದಿನ ಇಡ್ತಿದ್ರಿ?" ಎಂದು ಕೇಳಿದರು. ಪಕ್ಕದವರು ಅವರ ಪಂಚೆ ಎಳೆದು ಕೂರಿಸಿದರು. ಗುಜರಾತಿ ಹೆಂಗಸರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರಾಠಿ ಹೆಂಗಸು ಅತ್ತೆಗೆ ಶಾಲು ಹೊದೆಸಿ, ಗಟ್ಟಿಯಾಗಿ ಅಪ್ಪಿಕೊಂಡು, ಕಣ್ಣು ಒರೆಸಿಕೊಂಡರು.

ಅತ್ತೆ ಅಳಲಿಲ್ಲ, ನಗಲೂ ಇಲ್ಲ. ಶಾಲು ಜಾರದಂತೆ ಎರಡೂ ಕೈಯಲ್ಲಿ ಹಿಡಿದು ನೇರ ನಿಂತಿದ್ದರು. ಸನ್ಮಾನ ಪತ್ರವನ್ನು ಓದಿ ಹೇಳಬೇಕಾದವನು ಚೌಕಟ್ಟನ್ನು ಹಿಡಿದುಕೊಂಡು ಕಾರ್ಯದರ್ಶಿಗಳ ಮುಖ ನೋಡಿದ. ಅವರು ತಲೆ ಆಡಿಸಿದರು. ಅವನು ಓದಿದ. "ಚಾಕಲೇಟ್ ಗಗನದ ಧ್ರುವತಾರೆ" ಎಂಬಲ್ಲಿ ಯಾರೋ ಸಣ್ಣಗೆ ನಕ್ಕರು. ನಾನು ನೆಲ ನೋಡುತ್ತಿದ್ದೆ, ಯಾರೆಂದು ಗೊತ್ತಾಗಲಿಲ್ಲ.

ಅತ್ತೆಗೆ ಎರಡು ಮಾತಾಡಲು ಹೇಳಿದರು. ಅವರು ಮನೆಯಲ್ಲಿ ಅಭ್ಯಾಸ ಮಾಡಿದ್ದ ಭಾಷಣದ ಚೀಟಿ ರವಿಕೆಯೊಳಗೆ ಇತ್ತು, ನನಗೆ ಗೊತ್ತಿತ್ತು. ಅದನ್ನು ತೆಗೆಯಲಿಲ್ಲ. "ಎಲ್ಲರೂ ಊಟ ಮಾಡಿಕೊಂಡು ಹೋಗಿ," ಎಂದಷ್ಟೇ ಹೇಳಿ ಇಳಿದರು.

ಊಟದ ಸಾಲಿನಲ್ಲಿ ಕಾರ್ಯದರ್ಶಿಗಳು ನನ್ನ ಪಕ್ಕ ನಿಂತು, ಪಲ್ಯದ ಪಾತ್ರೆಯ ಕಡೆ ನೋಡುತ್ತ ಹೇಳಿದರು, "ಎಂತ ಮೇಡಂ, ಈ ಸಲವೂ ಹೋಟೆಲಿನವರಿಗೇ ಆಯ್ತಲ್ಲ."

"ಸಮೀಪ ಅಂತ ನಾನು ಬರೆದಿದ್ದೆ," ಎಂದೆ.

"ಬರೆದಿದ್ರಿ, ಬರೆದಿದ್ರಿ. ನಾವು ಓದುವವರು ಅಲ್ಲವಲ್ಲ, ರಿಪೇರಿ ಮಾಡುವವರು." ಸ್ವಲ್ಪ ತಡೆದು, "ಆ ಮಿಡಿ ಎಲ್ಲಿಂದ ತರಿಸ್ತಿದ್ರಂತೆ?" ಎಂದರು.

ಬಿಲ್ಡಿಂಗಿನ ಬಸ್ಸು ಹೊರಟಾಗ ಅತ್ತೆ ಹತ್ತಲಿಲ್ಲ. ಸೀಟಿನಲ್ಲಿ ಕೂತರೆ ಸೊಂಟ ನೋಯುತ್ತದೆ, ನಾನು ಇವಳ ಜೊತೆ ಟ್ರೈನಿನಲ್ಲಿ ಬರುತ್ತೇನೆ ಎಂದು ನನ್ನನ್ನು ತೋರಿಸಿ ಸೊಸೆಗೆ ಹೇಳಿದರು. ಟ್ರೈನಿನಲ್ಲೂ ಸೀಟೇ ಇರುವುದು ಎಂದು ಸೊಸೆ ಹೇಳಲಿಲ್ಲ. ಒಳ್ಳೆಯ ಹುಡುಗಿ.

ಭಾನುವಾರದ ಮಧ್ಯಾಹ್ನ, ಸ್ಲೋ ಲೋಕಲ್, ಹೆಂಗಸರ ಡಬ್ಬಿ ಅರ್ಧ ಖಾಲಿ. ಅತ್ತೆ ಕಿಟಕಿಯ ಪಕ್ಕ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಚೌಕಟ್ಟನ್ನು ನಾನು ಅಕ್ಷರದ ಬದಿ ಒಳಗೆ ಮಾಡಿ ಹಿಡಿದುಕೊಂಡಿದ್ದೆ. ಮಗಳು ಎದುರಿನ ಸೀಟಿನಲ್ಲಿ ಫೋನ್ ನೋಡುವಂತೆ ನಟಿಸುತ್ತಿದ್ದಳು. ಅಂಧೇರಿ ಬಂತು.

"ಅವಳಿಗೆ ಕಾರ್ಡ್ ಇತ್ತು," ಎಂದರು ಅತ್ತೆ.

"ಯಾರಿಗೆ?"

"ಇವತ್ತು ಬಂದವಳಿಗೆ. ಅವರಿಗೆಲ್ಲ ಇತ್ತು. ಗೇಟಿನಲ್ಲಿ ಒಂದು ಗಡಿಯಾರದ ಹಾಗಿನ ಮಿಷನ್. ಅದರಲ್ಲಿ ಕಾರ್ಡ್ ಹಾಕಿದ್ರೆ ಟಿಂಗ್ ಅಂತ ಹೊಡೀತಿತ್ತು. ಬಿಳಿ ಟೊಪ್ಪಿ ಇತ್ತು. ಅವಳ ಹೆಸರು, ನಂಬರು, ಎಲ್ಲ ಕಾರ್ಡಿನಲ್ಲಿ. ಅವರಿಗಿಂತ ಮೊದಲು ಬಂದು ಅವರಿಗಿಂತ ಆಮೇಲೆ ಹೋಗ್ತಿದ್ದದ್ದು ನಾನು. ಹಿಂದಿನ ಬಾಗಿಲಲ್ಲಿ, ತರಕಾರಿ ಬರುವಲ್ಲಿ. ಅಲ್ಲಿ ಮಿಷನ್ ಇರಲಿಲ್ಲ."

"ಇವತ್ತು ಜನ ಎಷ್ಟು ಚಪ್ಪಾಳೆ ತಟ್ಟಿದರು ನೋಡಿದಿರಾ," ಎಂದೆ. ಹೇಳುವಾಗಲೇ ಅದು ಕೆಲಸಕ್ಕೆ ಬಾರದ ಮಾತು ಎಂದು ಗೊತ್ತಾಯಿತು.

"ಉಪ್ಪಿನಕಾಯಿಗೆ ತಟ್ಟಿದ್ದು," ಎಂದರು ಅತ್ತೆ. "ಉಪ್ಪಿನಕಾಯಿ ನಮ್ಮ ಕಡೆ ಯಾರು ಹಾಕುವುದಿಲ್ಲ? ನಿನ್ನ ಅಮ್ಮ ಹಾಕ್ತಾಳೆ. ಅದಕ್ಕೆಲ್ಲ ಶಾಲು ಹೊದೆಸ್ತಾರಾ?"

"ಹೊದೆಸಿದರಲ್ಲ ಅಜ್ಜಿ," ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

ಅತ್ತೆ ಅವಳ ಕಡೆ ನೋಡಿದರು. ಆಮೇಲೆ ಬುಟ್ಟಿಯಿಂದ ಒಂದು ಚಿಕ್ಕು ತೆಗೆದು, ಹಣ್ಣಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ, ಅವಳಿಗೆ ಕೊಟ್ಟರು. ಜೋಗೇಶ್ವರಿಯಲ್ಲಿ ಸೂಜಿ ಪಿನ್ನು ಮಾರುವವಳು ಹತ್ತಿದಳು, ಗೋರೆಗಾಂವ್‌ನಲ್ಲಿ ಇಳಿದಳು. ಅತ್ತೆ ಶಾಲನ್ನು ತೆಗೆದು ಮಡಿಸಲು ಹೋದವರು, ಏನೋ ಯೋಚಿಸಿ ಮತ್ತೆ ಹೊದ್ದುಕೊಂಡರು. ಅಕ್ಟೋಬರಿನ ಸೆಕೆ.

ಗೋರೆಗಾಂವ್ ಮತ್ತು ಮಲಾಡಿನ ನಡುವೆ ನಾನು ಅವರನ್ನು ಒಂದು ಮಾತು ಕೇಳಿದೆ. ದಿನಚರಿಯಲ್ಲಿ ಇದನ್ನು ಬೇರೆ ಶಬ್ದಗಳಲ್ಲಿ ಬರೆದಿದ್ದೇನೆ, ಮಗಳಿಗೆ ಮತ್ತೊಂದು ರೀತಿ ನೆನಪಿದೆ, ಆದರೆ ಕೇಳಿದ್ದಂತೂ ನಿಜ. ಅತ್ತೆ ಅವತ್ತು ಕಿಟಕಿಯ ಹೊರಗೆ ನೋಡಿದರು. ಆಮೇಲೆ ಎರಡು ಸಲ ಕಾಂದಿವಲಿಗೆ ಹೋದಾಗಲೂ ಕೇಳಿದೆ. ಒಮ್ಮೆ ಕುಕ್ಕರಿನ ಸೀಟಿ ಎಷ್ಟಾಯಿತು ಎಂದು ನನ್ನನ್ನೇ ಕೇಳಿದರು, ಮತ್ತೊಮ್ಮೆ ಕಿವಿ ಕೇಳದವರ ಹಾಗೆ ಕೂತರು. ಅವರ ಕಿವಿ ಚೆನ್ನಾಗಿಯೇ ಇದೆ.

"ಪ್ಯಾಕಿಂಗ್ ಅಂತ ಬರೆಯದೆ, ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದವರು, ಉಪ್ಪಿನಕಾಯಿ ಹಾಕುತ್ತಿದ್ದವರು ಅಂತಲೇ ಆಮಂತ್ರಣದ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಕರೆದಿದ್ದರೆ, ನೀವು ಆ ಸ್ಟೇಜ್ ಹತ್ತುತ್ತಿದ್ದಿರಾ ಅತ್ತೆ?"